ಊರಿನ ತಂಡ ಊರಲ್ಲೇ ಉಳಿಯಬೇಕಾದರೆ: ಆಲ್ಪ್ಸ್ ತಪ್ಪಲಿನ ತೂನ್ ಫುಟ್‌ಬಾಲ್ ಕ್ಲಬ್ಬಿನ ಏಳುಬೀಳು

ಬೆರ್ನ್ ನಗರದಿಂದ ಇಂಟರ್‌ಲಾಕೆನ್ ಕಡೆಗೆ ಹೊರಟ ರೈಲು ಸುಮಾರು ಇಪ್ಪತ್ತು ನಿಮಿಷದಲ್ಲಿ ತೂನ್ ಎಂಬ ನಿಲ್ದಾಣವನ್ನು ತಲುಪುತ್ತದೆ. ಯುಂಗ್‌ಫ್ರೌ ಶಿಖರದ ಹಿಮ ನೋಡಲು ಈ ದಾರಿಯಲ್ಲಿ ಹೋಗುವ ನಮ್ಮ ಪ್ರವಾಸಿಗರಲ್ಲಿ ಹೆಚ್ಚಿನವರು ಈ ಊರನ್ನು ಕಿಟಕಿಯಾಚೆ ಒಮ್ಮೆ ನೋಡಿ ಮುಂದೆ ಸಾಗುತ್ತಾರೆ. ಆರೆ ನದಿ ಸರೋವರದಿಂದ ಹೊರಬೀಳುವ ಜಾಗದಲ್ಲಿ, ಹನ್ನೆರಡನೇ ಶತಮಾನದ ಕೋಟೆಯೊಂದರ ಬುಡದಲ್ಲಿ ಹಬ್ಬಿರುವ ಊರಿದು. ಜನಸಂಖ್ಯೆ ನಲವತ್ತು ಸಾವಿರಕ್ಕೆ ತುಸು ಹೆಚ್ಚು, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಪಿರಮಿಡ್ಡಿನಂತೆ ಚೂಪಾದ ನೀಸೆನ್ ಬೆಟ್ಟವೂ ಅದರ ಬಲಕ್ಕೆ 2190 ಮೀಟರ್ ಎತ್ತರದ ಸ್ಟಾಕ್‌ಹಾರ್ನ್ ಬೆಟ್ಟವೂ ಕಾಣುತ್ತವೆ. ಊರಿನ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೆಸರು ಬಂದಿರುವುದು ಈ ಎರಡನೆಯ ಬೆಟ್ಟದಿಂದಲೇ.

ಈ ಊರಿನ ತಂಡವಾದ ಎಫ್‌ಸಿ ತೂನ್, ಐದು ವರ್ಷ ಎರಡನೇ ದರ್ಜೆಯಲ್ಲಿ ಕಳೆದು, 2025ರ ಮೇ ತಿಂಗಳಲ್ಲಿ ಸ್ವಿಟ್ಜರ್‌ಲೆಂಡಿನ ಅಗ್ರ ದರ್ಜೆಗೆ ಮರಳಿತು. ಬಡ್ತಿ ಪಡೆದು ಬಂದ ಸಣ್ಣ ತಂಡಗಳು ಸಾಮಾನ್ಯವಾಗಿ ಮೊದಲ ವರ್ಷ ಕೆಳಕ್ಕೆ ಜಾರದಂತೆ ಕೈಕಾಲು ಬಡಿಯುತ್ತವೆ. ತೂನ್ ಆ ಶರತ್ಕಾಲದಲ್ಲೇ ಅಂಕಪಟ್ಟಿಯ ತುದಿಗೇರಿ ಕುಳಿತಿತು. ಬಾಸೆಲ್, ಜ್ಯೂರಿಕ್, ಜಿನೀವಾ, ಬೆರ್ನ್‌ನಂಥ ನಗರಗಳ ತಂಡಗಳು ಅದರ ಕೆಳಗಿದ್ದವು. ಬಡ್ತಿ ಪಡೆಯುವವರೆಗಿನ ನೂರಿಪ್ಪತ್ತೇಳು ವರ್ಷಗಳಲ್ಲಿ ಲೀಗ್ ಪ್ರಶಸ್ತಿಯನ್ನಾಗಲೀ ದೇಶದ ಕಪ್ ಅನ್ನಾಗಲೀ ಒಮ್ಮೆಯೂ ಗೆದ್ದಿರದ ಕ್ಲಬ್ ಇದು ಎಂಬುದನ್ನು ನೆನೆದರೆ ಈ ಏರಿಕೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಇದನ್ನು ಪವಾಡ ಎಂದು ಬಣ್ಣಿಸುವುದು ಸುಲಭ, ಹಲವರು ಹಾಗೆಯೇ ಬಣ್ಣಿಸಿದ್ದಾರೆ. ಆದರೆ ಪವಾಡ ಎಂದು ಕೈಮುಗಿದುಬಿಟ್ಟರೆ ಯುರೋಪಿನ ಫುಟ್‌ಬಾಲ್ ಇಂದು ಎದುರಿಸುತ್ತಿರುವ ಒಂದು ಗಂಭೀರ ಪ್ರಶ್ನೆ ಮರೆಯಾಗುತ್ತದೆ. ಆ ಪ್ರಶ್ನೆ ಒಡೆತನದ್ದು. ಒಬ್ಬನೇ ಹೂಡಿಕೆದಾರ ಅಥವಾ ಒಂದೇ ಕಂಪನಿ ಬೇರೆ ಬೇರೆ ದೇಶಗಳಲ್ಲಿ ಮೂರು, ನಾಲ್ಕು, ಏಳು ಕ್ಲಬ್ಬುಗಳನ್ನು ಕೊಂಡು, ಆಟಗಾರರನ್ನೂ ಹಣವನ್ನೂ ಅವುಗಳ ನಡುವೆ ಹರಿಸುವ ಪದ್ಧತಿ ಕಳೆದ ಹತ್ತು ವರ್ಷಗಳಲ್ಲಿ ವೇಗವಾಗಿ ಬೆಳೆದಿದೆ. ಸ್ವಿಟ್ಜರ್‌ಲೆಂಡಿನಲ್ಲೇ ನೋಡಿದರೆ, ಲೋಜಾನ್ ತಂಡವನ್ನು 2017ರಲ್ಲಿ ಬ್ರಿಟನ್ನಿನ ರಾಸಾಯನಿಕ ಉದ್ಯಮವಾದ ಇನಿಯೋಸ್ ಕಂಪನಿ ಕೊಂಡಿತು. ಫ್ರಾನ್ಸಿನ ನೀಸ್ ತಂಡವೂ ಅದರದೇ. ಲುಗಾನೊ ತಂಡ 2021ರಲ್ಲಿ ಅಮೆರಿಕದ ಶಿಕಾಗೊ ಫೈರ್ ತಂಡದ ಮಾಲೀಕರ ಕೈ ಸೇರಿತು. ದೇಶದಲ್ಲಿ ಅತಿ ಹೆಚ್ಚು ಲೀಗ್ ಪ್ರಶಸ್ತಿ ಗೆದ್ದಿರುವ ಜ್ಯೂರಿಕ್‌ನ ಗ್ರಾಸ್‌ಹಾಪರ್ ಕ್ಲಬ್ ಮೊದಲು ಚೀನೀ ಒಡೆತನಕ್ಕೆ ಹೋಗಿ, 2024ರ ಆರಂಭದಲ್ಲಿ ಲಾಸ್ ಏಂಜಲೀಸ್ ಎಫ್‌ಸಿ ತಂಡದ ಪಾಲಾಯಿತು. ಒಂದೇ ಹಿಡಿತದಲ್ಲಿರುವ ಎರಡು ತಂಡಗಳು ಒಂದೇ ಯುರೋಪಿಯನ್ ಪಂದ್ಯಾವಳಿಯಲ್ಲಿ ಆಡುವಂತಿಲ್ಲ ಎಂಬ, ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎಯ ನಿಯಮದ ಬಿಸಿ 2025ರಲ್ಲಿ ಇಂಗ್ಲೆಂಡಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ತಟ್ಟಿತು. ಆ ತಂಡದ ಪಾಲುದಾರರೊಬ್ಬರಿಗೆ ಫ್ರಾನ್ಸಿನ ಲಿಯೋನ್ ತಂಡದಲ್ಲೂ ಹಿಡಿತವಿದ್ದುದರಿಂದ, ಅದನ್ನು ಯುರೋಪಾ ಲೀಗ್‌ನಿಂದ ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಲೀಗ್‌ಗೆ ಇಳಿಸಲಾಯಿತು.

ದೊಡ್ಡ ನಗರದ ಕ್ಲಬ್ಬಿಗೆ ಇಂಥ ಒಡೆತನ ಒಂದು ವಿವಾದವಾದರೆ, ಸಣ್ಣ ಊರಿನ ಕ್ಲಬ್ಬಿಗೆ ಅದು ಅಳಿವು ಉಳಿವಿನ ಪ್ರಶ್ನೆ. ತೂನ್ ಕ್ಲಬ್ಬಿನ ಇತಿಹಾಸ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ. ಅಗ್ಗದ ಅದೃಷ್ಟ, ದಿಢೀರ್ ಸಿರಿ, ಪರವೂರಿನ ಮಾಲೀಕರು, ಹಿಂಬಡ್ತಿ, ಸ್ವಂತ ಕೈಗೆ ಮರಳಿಕೆ ಎಲ್ಲವನ್ನೂ ಈ ಒಂದೇ ಕ್ಲಬ್ ಇಪ್ಪತ್ತು ವರ್ಷಗಳಲ್ಲಿ ಕಂಡಿದೆ.

ಕ್ಲಬ್ ಹುಟ್ಟಿದ್ದು 1898ರ ಮೇ 1ರಂದು. ಸ್ವಿಟ್ಜರ್‌ಲೆಂಡಿಗೆ ಫುಟ್‌ಬಾಲ್ ಬಂದದ್ದೇ ಬ್ರಿಟಿಷರ ಹಿಂದೆ: ಸರೋವರದ ದಂಡೆಗೆ ಬೇಸಿಗೆ ಕಳೆಯಲು ಬಂದ ಪ್ರವಾಸಿಗರು, ಖಾಸಗಿ ವಸತಿ ಶಾಲೆಗಳ ವಿದ್ಯಾರ್ಥಿಗಳು, ವ್ಯಾಪಾರಿಗಳು ಚೆಂಡನ್ನು ತಂದರು. ಸೇಂಟ್ ಗಾಲೆನ್‌ನಲ್ಲಿ 1879ರಲ್ಲೂ ಜ್ಯೂರಿಕ್‌ನಲ್ಲಿ 1886ರಲ್ಲೂ ಕ್ಲಬ್ಬುಗಳು ಶುರುವಾದವು. ದೇಶದ ಫುಟ್‌ಬಾಲ್ ಸಂಘ 1895ರಲ್ಲಿ ಸ್ಥಾಪನೆಯಾಯಿತು. ಸೇನಾ ತರಬೇತಿಗೆ ಹೆಸರಾದ ತೂನ್‌ಗೆ ಆಟ ಮುಟ್ಟಲು ಹೆಚ್ಚು ಕಾಲ ಹಿಡಿಯಲಿಲ್ಲ. ಆದರೆ ಅಲ್ಲಿಂದ ಮುಂದಿನ ನೂರು ವರ್ಷದಲ್ಲಿ ಕ್ಲಬ್ಬು ಬಹುಪಾಲು ಕೆಳಗಿನ ದರ್ಜೆಗಳಲ್ಲೇ ಉಳಿಯಿತು. ಮೂವತ್ತು ಕಿಲೋಮೀಟರ್ ದೂರದ ಬೆರ್ನ್‌ನಲ್ಲಿ ಯಂಗ್ ಬಾಯ್ಸ್ ಎಂಬ ದೊಡ್ಡ ಕ್ಲಬ್ ಇರುವಾಗ ಜಿಲ್ಲೆಯ ಪ್ರತಿಭೆಯೂ ಪ್ರೇಕ್ಷಕರೂ ಜಾಹೀರಾತಿನ ಹಣವೂ ಆ ಕಡೆ ಹರಿಯುವುದು ಸಹಜ.

ನಡುವೆ ಒಂದು ಮಿಂಚು ಬಂದು ಹೋಯಿತು. 1954–55ರ ಋತುವಿನಲ್ಲಿ ತೂನ್ ಅಗ್ರ ದರ್ಜೆಯಲ್ಲಿ ಆಡಿತು, ಅದೇ ಋತುವಿನಲ್ಲಿ ಸ್ವಿಸ್ ಕಪ್‌ನ ಫೈನಲ್ ತಲುಪಿ ಲಾ ಶೋ-ದ-ಫೋನ್ ತಂಡಕ್ಕೆ 3–1ರಿಂದ ಸೋತಿತು. ಆ ಪ್ರದೇಶಕ್ಕೆ ಅವು ಫುಟ್‌ಬಾಲ್ ಜ್ವರದ ದಿನಗಳು. ಹಿಂದಿನ ಬೇಸಿಗೆಯಲ್ಲಷ್ಟೇ ವಿಶ್ವಕಪ್ ಸ್ವಿಟ್ಜರ್‌ಲೆಂಡಿನಲ್ಲಿ ನಡೆದಿತ್ತು. ಬೆರ್ನ್‌ನ ಫೈನಲ್‌ನಲ್ಲಿ ಹಂಗೆರಿಯನ್ನು ಮಣಿಸಿದ ಪಶ್ಚಿಮ ಜರ್ಮನಿಯ ತಂಡ ಉಳಿದುಕೊಂಡಿದ್ದದ್ದು ತೂನ್ ಸರೋವರದ ದಂಡೆಯ ಸ್ಪೀಟ್ಸ್ ಎಂಬ ಪುಟ್ಟ ಊರಿನ ಹೋಟೆಲಿನಲ್ಲಿ. ಜರ್ಮನರು ಇಂದಿಗೂ ತಂಡದ ಒಗ್ಗಟ್ಟಿನ ಮಾತು ಬಂದಾಗ ಆ ಊರಿನ ಹೆಸರು ಹೇಳುತ್ತಾರೆ. ತೂನ್ ಮಾತ್ರ ಅಗ್ರ ದರ್ಜೆಯಲ್ಲಿ ಬೇರೂರಲಿಲ್ಲ. ಮತ್ತೆ ಅಲ್ಲಿಗೆ ಮರಳಲು 2002ರವರೆಗೆ ಕಾಯಬೇಕಾಯಿತು.

ಮರಳಿ ಕರೆತಂದವರು ಹಾನ್ಸ್‌ಪೀಟರ್ ಲಾಟೂರ್. ಆ ಪ್ರದೇಶದವರೇ ಆದ, ಹಿಂದೆ ಗೋಲ್‌ಕೀಪರ್ ಆಗಿದ್ದ ಈ ಕೋಚ್, ಬೇರೆ ಕ್ಲಬ್ಬುಗಳು ಬೇಡವೆಂದ ಆಟಗಾರರನ್ನೂ ಕೆಳಗಿನ ಲೀಗ್‌ಗಳ ಹುಡುಗರನ್ನೂ ಕೂಡಿಸಿ ತಂಡ ಕಟ್ಟಿದರು. 2004–05ರ ಋತುವಿನ ನಡುವೆ ಅವರು ಗ್ರಾಸ್‌ಹಾಪರ್‌ಗೆ ಹೊರಟುಹೋದರೂ, ಉರ್ಸ್ ಶೋನೆನ್‌ಬೆರ್ಗರ್ ಅವರ ಕೈಯಲ್ಲಿ ಅದೇ ತಂಡ ಬಾಸೆಲ್‌ನ ಹಿಂದೆ ಎರಡನೇ ಸ್ಥಾನ ಗಳಿಸಿತು. ಎರಡನೇ ಸ್ಥಾನಕ್ಕೆ ಯುರೋಪಿನ ಅತಿ ದೊಡ್ಡ ಕ್ಲಬ್ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನ ಬಾಗಿಲು ತೆರೆಯುತ್ತಿತ್ತು. ಆ ಬಾಗಿಲಲ್ಲಿ ಮೊದಲು ಸಿಕ್ಕಿದ್ದು ಉಕ್ರೇನಿನ ಡೈನಮೊ ಕೀವ್. ಕೀವ್‌ನಲ್ಲಿ 2–2, ತವರಿನಲ್ಲಿ 1–0. ನಂತರ ಸ್ವೀಡನ್ನಿನ ಮಾಲ್ಮೊ: ಅಲ್ಲಿ 1–0, ಇಲ್ಲಿ 3–0. ಹೀಗೆ ತಾಲ್ಲೂಕು ಕೇಂದ್ರದಷ್ಟು ಊರಿನ ತಂಡವೊಂದು ಆರ್ಸೆನಲ್, ಅಯಾಕ್ಸ್, ಸ್ಪಾರ್ಟಾ ಪ್ರಾಗ್ ತಂಡಗಳ ಗುಂಪಿಗೆ ಬಂದು ನಿಂತಿತು.

2005ರ ಸೆಪ್ಟೆಂಬರ್ 14ರ ರಾತ್ರಿಯನ್ನು ತುಸು ಹತ್ತಿರದಿಂದ ನೋಡಬೇಕು. ಲಂಡನ್ನಿನ ಹೈಬರಿ ಅಂಗಣದಲ್ಲಿ ಆರ್ಸೆನಲ್‌ನ ಕೊನೆಯ ಋತು ಅದು. ವಿರಾಮಕ್ಕೆ ಮುಂಚೆ ರಾಬಿನ್ ವಾನ್ ಪರ್ಸಿ ಕೆಂಪು ಕಾರ್ಡ್ ಪಡೆದು ಹೊರನಡೆದರು, ಆತಿಥೇಯರು ಹತ್ತು ಮಂದಿಗೆ ಇಳಿದರು. ವಿರಾಮದ ನಂತರ ಗಿಲ್ಬರ್ಟೊ ಸಿಲ್ವ ಆರ್ಸೆನಲ್‌ಗೆ ಗೋಲು ತಂದರು. ಎರಡೇ ನಿಮಿಷ ಕಳೆಯುವಷ್ಟರಲ್ಲಿ ತೂನ್‌ನ ನೆಲ್ಸನ್ ಫೆರೇರಾ ಬಾರಿಸಿದ ಚೆಂಡು ಗೋಲ್‌ಕೀಪರ್ ತಲೆಯ ಮೇಲಿಂದ ಕಮಾನಿನಂತೆ ಹಾದು ಬಲೆಗೆ ಬಿತ್ತು. 1–1. ಅಲ್ಲಿಂದ ನಲವತ್ತು ನಿಮಿಷ ತೂನ್ ಆ ಸಮಬಲವನ್ನು ಕಾದುಕೊಂಡಿತು. ಹೆಚ್ಚುವರಿ ಸಮಯದಲ್ಲಿ, ಮುಗಿಯಲು ಕ್ಷಣಗಳಿರುವಾಗ, ಬದಲಿಯಾಗಿ ಬಂದಿದ್ದ ಡೆನಿಸ್ ಬೆರ್ಗ್‌ಕ್ಯಾಂಪ್ ಗೆಲುವಿನ ಗೋಲು ಹೊಡೆದರು. ಎರಡು ವಾರದ ಬಳಿಕ ಸ್ಪಾರ್ಟಾ ಪ್ರಾಗ್ ವಿರುದ್ಧ 89ನೇ ನಿಮಿಷದಲ್ಲಿ ಸೆಲ್ವರ್ ಹೋಡ್ಜಿಚ್ ಗೋಲು ಹೊಡೆದು ತೂನ್‌ಗೆ ಚಾಂಪಿಯನ್ಸ್ ಲೀಗ್‌ನ ಮೊದಲ ಗೆಲುವು ತಂದುಕೊಟ್ಟರು. ನವೆಂಬರ್‌ನಲ್ಲಿ ಆರ್ಸೆನಲ್ ಸ್ವಿಟ್ಜರ್‌ಲೆಂಡಿಗೆ ಬಂದಾಗಲೂ 88ನೇ ನಿಮಿಷದ ಪೆನಾಲ್ಟಿಯಿಂದಷ್ಟೇ ಗೆಲ್ಲಲು ಸಾಧ್ಯವಾಯಿತು. ಕೊನೆಗೆ ನಾಲ್ಕು ಅಂಕಗಳೊಂದಿಗೆ ತೂನ್ ಗುಂಪಿನಲ್ಲಿ ಮೂರನೆಯದಾಗಿ ಯುರೋಪಿನ ಎರಡನೇ ಹಂತದ ಪಂದ್ಯಾವಳಿಯಾದ ಯುಇಎಫ್‌ಎ ಕಪ್‌ಗೆ ಸಾಗಿತು, ಅಲ್ಲಿ ಜರ್ಮನಿಯ ಹ್ಯಾಂಬರ್ಗ್ ತಂಡವನ್ನು ತವರಿನಲ್ಲಿ 1–0ರಿಂದ ಸೋಲಿಸಿ, ಮರುಪಂದ್ಯದಲ್ಲಿ 2–0ರಿಂದ ಸೋತು ಹೊರಬಿತ್ತು.

ಮೇಲಿನ ಸಾಲುಗಳಲ್ಲಿ 'ತವರು' ಎಂದು ಬರೆದಿದ್ದೇನೆ, ಆದರೆ ಆ ಪಂದ್ಯಗಳಲ್ಲಿ ಚಾಂಪಿಯನ್ಸ್ ಲೀಗ್‌ನ ಒಂದೇ ಒಂದು ಪಂದ್ಯವೂ ತೂನ್‌ನಲ್ಲಿ ನಡೆಯಲಿಲ್ಲ. ಊರಿನ ಹಳೆಯ ಲಾಖೆನ್ ಮೈದಾನ ಸರೋವರಕ್ಕೆ ಹತ್ತಿರವಿದ್ದ, ಬಹುಪಾಲು ನಿಂತು ನೋಡುವ, ಚೊಕ್ಕವಾದ ಆದರೆ ಹಳ್ಳಿಗಾಡಿನ ಜಾಗ. ಯುರೋಪಿನ ನಿಯಮಗಳು ಕೇಳುವ ಆಸನ, ಬೆಳಕು, ಭದ್ರತೆ, ಟಿವಿ ವ್ಯವಸ್ಥೆ ಯಾವುದೂ ಅಲ್ಲಿರಲಿಲ್ಲ. ಹಾಗಾಗಿ ತೂನ್ ತನ್ನ ಬದುಕಿನ ಅತಿ ದೊಡ್ಡ ರಾತ್ರಿಗಳನ್ನು ಬೆರ್ನ್‌ನ ವಾಂಕ್‌ಡೋರ್ಫ್ ಅಂಗಣದಲ್ಲಿ, ಅಂದರೆ ಎದುರಾಳಿ ಯಂಗ್ ಬಾಯ್ಸ್‌ನ ಮನೆಯಲ್ಲಿ ಆಡಿತು. ತೂನ್‌ನ ಜನ ತಮ್ಮೂರ ತಂಡವನ್ನು ನೋಡಲು ರೈಲು ಹತ್ತಿ ಬೇರೆ ಊರಿಗೆ ಹೋಗಬೇಕಾಯಿತು. ಸಣ್ಣ ಊರಿನ ಕ್ಲಬ್ ಮೇಲೇರಿದಾಗ ಮೊದಲು ಕಳೆದುಕೊಳ್ಳುವುದು ಅಂಗಣವನ್ನು ಎಂಬುದು ಆಲ್ಪ್ಸ್ ಉದ್ದಕ್ಕೂ ಮತ್ತೆ ಮತ್ತೆ ಕಾಣುವ ಸಂಗತಿ, ಮುಂದೆ ಅದಕ್ಕೆ ಬರುತ್ತೇನೆ.

ಚಾಂಪಿಯನ್ಸ್ ಲೀಗ್‌ನಿಂದ ಬಂದ ಹಣ ಕ್ಲಬ್ಬಿನ ಅಳತೆಗೆ ಮೀರಿದ್ದಾಗಿತ್ತು. ಹಣ ಬಂದದ್ದು ಒಮ್ಮೆ, ಖರ್ಚು ಮಾತ್ರ ಪ್ರತಿ ತಿಂಗಳೂ ಬರುವಂಥದ್ದು. ಆಟಗಾರರ ಸಂಬಳದ ನಿರೀಕ್ಷೆ ಏರಿತು, ಒಳ್ಳೆಯವರು ದೊಡ್ಡ ಕ್ಲಬ್ಬುಗಳಿಗೆ ಹೊರಟರು, ಕೋಚ್‌ಗಳು ಒಬ್ಬರ ಹಿಂದೊಬ್ಬರು ಬದಲಾದರು. ಆರ್ಸೆನಲ್‌ಗೆ ಬೆವರಿಳಿಸಿ ಮೂರು ವರ್ಷ ತುಂಬುವ ಮೊದಲೇ, 2008ರಲ್ಲಿ, ತೂನ್ ಎರಡನೇ ದರ್ಜೆಗೆ ಜಾರಿತು. ಒಂದು ಋತುವಿನ ಯಶಸ್ಸು ಸಣ್ಣ ಕ್ಲಬ್ಬಿನ ಆದಾಯದ ಬುನಾದಿಯನ್ನು ಬದಲಿಸುವುದಿಲ್ಲ: ಪ್ರೇಕ್ಷಕರ ಸಂಖ್ಯೆ ಊರಿನ ಜನಸಂಖ್ಯೆಗೆ ಕಟ್ಟುಬಿದ್ದಿದೆ, ಸ್ವಿಸ್ ಲೀಗ್‌ನ ಟಿವಿ ಹಣ ಜರ್ಮನಿ, ಇಂಗ್ಲೆಂಡುಗಳ ಮುಂದೆ ಅತ್ಯಲ್ಪ, ಉಳಿದದ್ದು ಪ್ರಾಯೋಜಕರು ಮತ್ತು ಆಟಗಾರರ ಮಾರಾಟ.

ಎರಡು ವರ್ಷದಲ್ಲಿ ಕ್ಲಬ್ ಮೇಲೆ ಬಂತು. 2010ರ ಆ ಬಡ್ತಿಯ ಕೋಚ್ ಮುರಾತ್ ಯಾಕಿನ್, ಮುಂದೆ ಸ್ವಿಟ್ಜರ್‌ಲೆಂಡ್ ರಾಷ್ಟ್ರೀಯ ತಂಡದ ಕೋಚ್ ಆದವರು. ಆಮೇಲೆ ಬಂದ ಉರ್ಸ್ ಫಿಶರ್ 2013ರಲ್ಲಿ ತಂಡವನ್ನು ಯುರೋಪಾ ಲೀಗ್‌ನ ಗುಂಪು ಹಂತಕ್ಕೆ ಒಯ್ದರು. ಅಲ್ಲಿಂದ ಬಾಸೆಲ್‌ಗೆ, ಬಳಿಕ ಬರ್ಲಿನ್‌ಗೆ ಹೋದ ಅವರು ಯೂನಿಯನ್ ಬರ್ಲಿನ್ ತಂಡವನ್ನು ಚಾಂಪಿಯನ್ಸ್ ಲೀಗ್‌ಗೆ ಮುಟ್ಟಿಸಿದರು. ದುಡ್ಡಿರುವ ಕ್ಲಬ್ ಹೆಸರಾಂತ ಕೋಚ್‌ನನ್ನು ಕೊಳ್ಳುತ್ತದೆ, ದುಡ್ಡಿಲ್ಲದ ಕ್ಲಬ್ ಹೆಸರು ಮಾಡದವನನ್ನು ನಂಬಬೇಕಾಗುತ್ತದೆ. ತೂನ್ ನಂಬಿದವರಲ್ಲಿ ಹಲವರು ಮುಂದೆ ಹೆಸರು ಮಾಡಿದರು.

ಈ ಅವಧಿಯ ದೊಡ್ಡ ಬದಲಾವಣೆ ಮಾತ್ರ ಅಂಗಣದ್ದು. 2011ರ ಬೇಸಿಗೆಯಲ್ಲಿ ಊರಿನ ದಕ್ಷಿಣ ಅಂಚಿನಲ್ಲಿ, ಹೆದ್ದಾರಿಗೆ ಹತ್ತಿರ, ಸುಮಾರು ಹತ್ತು ಸಾವಿರ ಜನ ಹಿಡಿಯುವ ಹೊಸ ಕ್ರೀಡಾಂಗಣ ತೆರೆಯಿತು. ಸ್ಟಾಕ್‌ಹಾರ್ನ್ ಅರೀನಾ ಎಂದು ಹೆಸರಾದ ಅದು ತುಂಬಿದರೆ ಊರಿನ ಕಾಲುಭಾಗದಷ್ಟು ಜನ ಒಂದೆಡೆ ಸೇರಿದಂತಾಗುತ್ತದೆ. ಅದರ ಪಕ್ಕದಲ್ಲೇ ದೊಡ್ಡ ಮಾಲ್ ಒಂದನ್ನು ಕಟ್ಟಲಾಗಿದೆ. ಕ್ರೀಡಾಂಗಣ ಮತ್ತು ಅಂಗಡಿ ಸಂಕೀರ್ಣವನ್ನು ಒಂದೇ ಯೋಜನೆಯಾಗಿ ಕಟ್ಟುವುದು ಸ್ವಿಟ್ಜರ್‌ಲೆಂಡಿನ ಹಲವು ಊರುಗಳು ಹಿಡಿದ ದಾರಿ, ಏಕೆಂದರೆ ವರ್ಷಕ್ಕೆ ಇಪ್ಪತ್ತು ಚಿಲ್ಲರೆ ಪಂದ್ಯಗಳ ಟಿಕೆಟ್ಟಿನಿಂದ ಅಷ್ಟು ದೊಡ್ಡ ಕಟ್ಟಡದ ಸಾಲ ತೀರುವುದಿಲ್ಲ. ಹುಲ್ಲು ಕೃತಕ. ಇದರ ಹಿಂದೆ ಹವೆಯ ಲೆಕ್ಕವೂ ಇದೆ: ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿರುವ, ಚಳಿಗಾಲದಲ್ಲಿ ಹಿಮ ಬೀಳುವ ಊರಿನಲ್ಲಿ ಸಹಜ ಹುಲ್ಲು ನವೆಂಬರ್‌ನಿಂದ ಮಾರ್ಚ್‌ವರೆಗೆ ಸೊರಗುತ್ತದೆ, ಕೃತಕ ನೆಲದ ಮೇಲಾದರೆ ಪಂದ್ಯವಿಲ್ಲದ ದಿನ ಬೇರೆ ತಂಡಗಳೂ ಆಡಬಹುದು. ಆಟಗಾರರ ಮೊಣಕಾಲಿಗೆ ಅದು ಒಳ್ಳೆಯದಲ್ಲ ಎಂಬ ದೂರು ಸ್ವಿಸ್ ಲೀಗ್‌ನಲ್ಲಿ ಇಂದಿಗೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಯುರೋಪಿನ ಪಂದ್ಯವನ್ನು ಊರಲ್ಲೇ ಆಡಿಸಬಲ್ಲ ಅಂಗಣವೊಂದು ಕೊನೆಗೂ ತೂನ್‌ಗೆ ಸಿಕ್ಕಿತು.

ಅಂಗಣ ಬಂದರೂ ಬೊಕ್ಕಸ ತುಂಬಲಿಲ್ಲ. ಪ್ರತಿ ವರ್ಷ ಲೆಕ್ಕ ಸರಿದೂಗಿಸಲು ಆಟಗಾರರನ್ನು ಮಾರಲೇಬೇಕು, ಮಾರಿದರೆ ತಂಡ ಬಡವಾಗುತ್ತದೆ. 2019ರಲ್ಲಿ ತೂನ್ ಮತ್ತೆ ಸ್ವಿಸ್ ಕಪ್‌ನ ಫೈನಲ್ ತಲುಪಿ ಬಾಸೆಲ್‌ಗೆ 2–1ರಿಂದ ಸೋತಿತು. ಅದೇ ವರ್ಷದ ಕೊನೆಗೆ ಪೆಸಿಫಿಕ್ ಮೀಡಿಯಾ ಗ್ರೂಪ್ ಎಂಬ ಹೂಡಿಕೆ ಕೂಟಕ್ಕೆ ಕ್ಲಬ್ ತನ್ನ ಷೇರುಗಳ ಒಂದು ಪಾಲನ್ನು ಕೊಟ್ಟಿತು. ಈ ಕೂಟ ಆಗಲೇ ಇಂಗ್ಲೆಂಡಿನ ಬಾರ್ನ್ಸ್‌ಲಿಯಲ್ಲಿತ್ತು. ಮುಂದಿನ ಎರಡು ವರ್ಷಗಳಲ್ಲಿ ಬೆಲ್ಜಿಯಮ್ಮಿನ ಒಸ್ಟೆಂಡ್, ಫ್ರಾನ್ಸಿನ ನಾನ್ಸಿ, ಡೆನ್ಮಾರ್ಕಿನ ಎಸ್ಬಿಯೆರ್ಗ್, ನೆದರ್ಲೆಂಡ್ಸಿನ ಡೆನ್ ಬಾಷ್ ತಂಡಗಳಿಗೂ ಕೈಚಾಚಿತು. ಎಲ್ಲವೂ ತೂನ್‌ನ ತೂಕದವೇ: ದೊಡ್ಡ ನಗರದ ನೆರಳಿನಲ್ಲಿರುವ, ಇತಿಹಾಸವಿರುವ, ಹಣವಿಲ್ಲದ ಕ್ಲಬ್ಬುಗಳು. ಅಂಕಿ ಅಂಶಗಳ ಆಧಾರದ ಮೇಲೆ ಕಡಿಮೆ ಬೆಲೆಯ ಕಿರಿಯ ಆಟಗಾರರನ್ನು ಆರಿಸುವುದು, ಎಲ್ಲ ತಂಡಗಳಿಗೂ ಎದುರಾಳಿಯ ಮೇಲೆ ಮುಗಿಬೀಳುವ ಒಂದೇ ಬಗೆಯ ಆಟ ಕಲಿಸುವುದು, ಬೆಳೆದವರನ್ನು ಲಾಭಕ್ಕೆ ಮಾರುವುದು ಯೋಜನೆಯಾಗಿತ್ತು.

ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಫಲ ಮಾತ್ರ ಬೇರೆಯೇ ಆಯಿತು. ಬಾರ್ನ್ಸ್‌ಲಿ 2021ರಲ್ಲಿ ಪ್ರೀಮಿಯರ್ ಲೀಗ್‌ನ ಹೊಸ್ತಿಲವರೆಗೆ ಹೋಗಿ, ಮರುವರ್ಷವೇ ಮೂರನೇ ದರ್ಜೆಗೆ ಬಿತ್ತು. ಅದೇ 2022ರಲ್ಲಿ ನಾನ್ಸಿಯೂ ಎಸ್ಬಿಯೆರ್ಗ್ ಕೂಡ ತಮ್ಮ ದೇಶಗಳ ಮೂರನೇ ದರ್ಜೆಗೆ ಕುಸಿದವು. ಒಸ್ಟೆಂಡ್ 2023ರಲ್ಲಿ ಬೆಲ್ಜಿಯಮ್ಮಿನ ಅಗ್ರ ದರ್ಜೆಯಿಂದ ಜಾರಿ, 2024ರಲ್ಲಿ ದಿವಾಳಿಯೆದ್ದು ಮುಚ್ಚಿಹೋಯಿತು. ತೂನ್‌ನ ಪಾಲಿಗೆ ಏಟು ಮೊದಲೇ ಬಿದ್ದಿತ್ತು. 2020ರ ಆಗಸ್ಟ್‌ನಲ್ಲಿ ಕೊರೊನಾದಿಂದ ತಡವಾಗಿ ಮುಗಿದ ಋತುವಿನ ಕೊನೆಯಲ್ಲಿ, ತನಗಿಂತಲೂ ಚಿಕ್ಕ ಊರಿನ ತಂಡವೊಂದರ ಕೈಯಲ್ಲಿ ಅದು ಸೋತು ಕೆಳಗಿಳಿಯಿತು. ಲಿಕ್ಟನ್‌ಸ್ಟೈನ್ ದೇಶದಲ್ಲಿ ಸ್ವಂತ ಲೀಗ್ ಇಲ್ಲದ್ದರಿಂದ ಸ್ವಿಸ್ ಲೀಗ್‌ನಲ್ಲಿ ಆಡುವ ಫಾದುಟ್ಸ್ ತಂಡ, ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 5–4ರಿಂದ ಗೆದ್ದಿತು. ಇದಕ್ಕೆ ಹೊಸ ಹೂಡಿಕೆದಾರರೇ ಕಾರಣ ಎನ್ನುವುದು ನ್ಯಾಯವಲ್ಲ, ಅವರು ಬಂದು ಒಂದು ವರ್ಷವೂ ಆಗಿರಲಿಲ್ಲ. ಆದರೆ ಆರು ಕ್ಲಬ್ಬುಗಳ ಮಾಲೀಕನಿಗೆ ಒಂದು ಕ್ಲಬ್ಬಿನ ಹಿಂಬಡ್ತಿ ಲೆಕ್ಕಪತ್ರದ ಒಂದು ಸಾಲು. ಆ ಊರಿನಲ್ಲಿ ಬೇಕರಿ ನಡೆಸುತ್ತ ಕ್ಲಬ್ಬಿನ ಜಾಹೀರಾತು ಫಲಕಕ್ಕೆ ಹಣ ಕೊಡುವವನಿಗೆ ಅದು ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆರೆದಾಗ ಎದುರಾಗುವ ಸಂಗತಿ. ಒಡೆತನದ ಚರ್ಚೆಯ ತಿರುಳು ಈ ವ್ಯತ್ಯಾಸದಲ್ಲಿದೆ ಎಂದು ನಾನು ನಂಬುತ್ತೇನೆ.

ತೂನ್ ಕೊನೆಗೆ ಆ ಷೇರುಗಳನ್ನು ಮರಳಿ ಸ್ಥಳೀಯರ ಕೈಗೆ ತಂದುಕೊಂಡಿತು. 2005ರ ತಂಡದ ಮಧ್ಯಕ್ಷೇತ್ರದಲ್ಲಿ ಆಡಿದ್ದ ಆಂಡ್ರೆಸ್ ಗೆರ್ಬರ್, ನಿವೃತ್ತಿಯ ಬಳಿಕ ಕ್ಲಬ್ಬಿನ ಕ್ರೀಡಾ ನಿರ್ದೇಶಕರಾಗಿ, ಹಿಂಬಡ್ತಿಯ ವರ್ಷ ಅಧ್ಯಕ್ಷರಾದರು. 2022ರಲ್ಲಿ ಕೋಚ್ ಆಗಿ ಬಂದ ಮೌರೊ ಲುಸ್ಟ್ರಿನೆಲ್ಲಿ ಅದೇ 2005ರ ತಂಡದ ಮುಂಚೂಣಿಯ ಗೋಲುಗಾರ. ಹೈಬರಿಯಲ್ಲಿ ಆಡಿದವರೇ ಇಪ್ಪತ್ತು ವರ್ಷದ ಬಳಿಕ ಕ್ಲಬ್ಬಿನ ಎರಡು ಮುಖ್ಯ ಕುರ್ಚಿಗಳಲ್ಲಿ ಕುಳಿತದ್ದು ಭಾವುಕತೆಗೆ ಒಳ್ಳೆಯ ವಸ್ತು, ಆದರೆ ಅದರ ಪ್ರಯೋಜನ ಲೆಕ್ಕಾಚಾರದ್ದು. 2006ರಿಂದ 2008ರವರೆಗಿನ ಕುಸಿತವನ್ನು ಒಳಗಿನಿಂದ ಬಲ್ಲ ಅಧ್ಯಕ್ಷನಿಗೆ, ಒಮ್ಮೆ ಬಂದ ಹಣವನ್ನು ಶಾಶ್ವತ ಆದಾಯವೆಂದು ತಿಳಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. 2024ರ ಬಡ್ತಿ ಪಂದ್ಯಗಳಲ್ಲಿ ತೂನ್ ಕೂದಲೆಳೆಯ ಅಂತರದಲ್ಲಿ ಸೋತದ್ದು, ಆಗಷ್ಟೇ ಅಮೆರಿಕನ್ ಮಾಲೀಕರ ಕೈ ಸೇರಿದ್ದ ಗ್ರಾಸ್‌ಹಾಪರ್‌ಗೆ. ಇಂಥ ಸೋಲಿನ ನಂತರ ಕೋಚ್‌ನನ್ನು ಕಳಿಸಿ ತಂಡವನ್ನು ಬದಲಿಸುವುದು ವಾಡಿಕೆ. ತೂನ್ ಲುಸ್ಟ್ರಿನೆಲ್ಲಿಯನ್ನು ಉಳಿಸಿಕೊಂಡು ಮುಂದಿನ ವರ್ಷ ಎರಡನೇ ದರ್ಜೆಯ ಪ್ರಶಸ್ತಿಯನ್ನೇ ಗೆದ್ದು ಮೇಲೆ ಬಂತು.

ಹಾಗಾದರೆ ಸ್ಥಳೀಯ ಒಡೆತನವಿದ್ದರೆ ಸಾಕೇ? ಆಲ್ಪ್ಸ್‌ನ ಪಶ್ಚಿಮ ಅಂಚಿನಲ್ಲಿರುವ ಇನ್ನೊಂದು ಕ್ಲಬ್ಬಿನ ಕಥೆ ಈ ಪ್ರಶ್ನೆಯನ್ನು ಜಟಿಲಗೊಳಿಸುತ್ತದೆ. ಜಿನೀವಾ ಸರೋವರದ ಫ್ರೆಂಚ್ ದಂಡೆಯಲ್ಲಿ, ಬಾಟಲಿ ನೀರಿಗೆ ಹೆಸರಾದ ಎವಿಯಾನ್ ಇದೆ. ಅದರ ಸುತ್ತಲಿನ ಸಣ್ಣ ಊರುಗಳ ಕ್ಲಬ್ಬುಗಳು 2003ರಲ್ಲೂ 2007ರಲ್ಲೂ ವಿಲೀನವಾಗಿ, 2009ರಲ್ಲಿ ಎವಿಯಾನ್ ತೊನೋ ಗಯ್ಯಾರ್ ಎಂಬ ಹೆಸರಿನ ತಂಡವಾಯಿತು. ಎವಿಯಾನ್ ನೀರಿನ ಒಡೆಯರಾದ ಡಾನೋನ್ ಕಂಪನಿಯ ಮುಖ್ಯಸ್ಥ ಫ್ರಾಂಕ್ ರಿಬೂ ಬೆನ್ನಿಗೆ ನಿಂತರು. ಜಿನೆದಿನ್ ಜಿದಾನ್, ಬಿಸೆಂತೆ ಲಿಜರಾಜು ಅವರಂಥ ವಿಶ್ವಕಪ್ ವಿಜೇತರು ಷೇರುದಾರರಾದರು. ತಂಡ ನಾಲ್ಕನೇ ದರ್ಜೆಯಿಂದ ಮೂರು ವರ್ಷದಲ್ಲಿ ಮೇಲೇರಿ 2011ರಲ್ಲಿ ಫ್ರಾನ್ಸಿನ ಅಗ್ರ ದರ್ಜೆ ಮುಟ್ಟಿತು. 2013ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವನ್ನು ಹೊರದಬ್ಬಿ ಫ್ರೆಂಚ್ ಕಪ್‌ನ ಫೈನಲ್ ತಲುಪಿ, ಬೋರ್ಡೊಗೆ 3–2ರಿಂದ ಸೋತಿತು.

ಹಣವಿತ್ತು, ಹೆಸರಿತ್ತು, ಬೆನ್ನಿಗೆ ನಿಂತ ಕಂಪನಿಗೆ ಆ ಸೀಮೆಯ ನೀರಿನ ನಂಟೂ ಇತ್ತು. ಇಲ್ಲದ್ದು ಊರು. ಹೆಸರಿನಲ್ಲಿದ್ದ ಮೂರೂ ಊರುಗಳಲ್ಲಿ ಅಗ್ರ ದರ್ಜೆಗೆ ಒಪ್ಪುವ ಅಂಗಣವಿರಲಿಲ್ಲ. ಗಡಿ ದಾಟಿ ಜಿನೀವಾದಲ್ಲಿ ಆಡಲು ಕೇಳಿಕೊಂಡಾಗ ಯುಇಎಫ್‌ಎ ಒಪ್ಪಲಿಲ್ಲ. ಕೊನೆಗೆ ತಂಡ ನೆಲೆ ನಿಂತದ್ದು ಆನ್ಸಿ ಎಂಬ ಬೇರೊಂದು ಪಟ್ಟಣದಲ್ಲಿ, ಆ ಪಟ್ಟಣಕ್ಕೆ ತನ್ನದೇ ಆದ ಕ್ಲಬ್ ಇರುವಾಗಲೇ. ಮೂರು ಊರುಗಳ ಹೆಸರಿಟ್ಟುಕೊಂಡು ನಾಲ್ಕನೆಯ ಊರಿನಲ್ಲಿ ಆಡುವ ತಂಡವನ್ನು ತಮ್ಮದೆಂದು ಹೇಳುವವರು ಯಾರು? 2015ರಲ್ಲಿ ಅಗ್ರ ದರ್ಜೆಯಿಂದಲೂ ಮರುವರ್ಷ ಎರಡನೇ ದರ್ಜೆಯಿಂದಲೂ ಜಾರಿದ ಮೇಲೆ, 2016ರಲ್ಲೇ ಕ್ಲಬ್ ಸಾಲದಲ್ಲಿ ಮುಳುಗಿ ಕಂಪನಿಯೇ ವಿಸರ್ಜನೆಯಾಯಿತು. ಗೋಲು ಬೀಳುವುದು ನಿಂತಾಗ ಹಣ ಕೊಟ್ಟವರು ಹಿಂದೆ ಸರಿದರು. ಕೈಹಿಡಿಯಲು ಕೆಳಗೆ ಬೇರೆ ಪದರವಿರಲಿಲ್ಲ. ಅದೇ ಆನ್ಸಿಯ ಸ್ವಂತ ಕ್ಲಬ್, ಅಷ್ಟು ದಿನ ನೆರಳಿನಲ್ಲಿದ್ದದ್ದು, 2022ರಲ್ಲಿ ಎರಡನೇ ದರ್ಜೆಗೆ ಏರಿ, 2023ರಲ್ಲಿ ಮಾರ್ಸೇ ತಂಡವನ್ನು ಮಣಿಸಿ ಫ್ರೆಂಚ್ ಕಪ್‌ನ ಸೆಮಿಫೈನಲ್ ಆಡಿತು. ಅಂಗಣ ಅದೇ, ಬೆಟ್ಟಗಳೂ ಅವೇ.

ಆಸ್ಟ್ರಿಯಾದ ಇನ್ಸ್‌ಬ್ರುಕ್ ಸಣ್ಣ ಊರಲ್ಲ, ಆದರೂ ಅದನ್ನು ಬಿಡುವಂತಿಲ್ಲ. ಅಲ್ಲಿನ ಎಫ್‌ಸಿ ಟಿರೋಲ್ 2000, 2001, 2002ರಲ್ಲಿ ಸತತವಾಗಿ ಮೂರು ಬಾರಿ ಲೀಗ್ ಗೆದ್ದು, ಮೂರನೆಯದನ್ನು ಯೋಆಖಿಮ್ ಲೋವ್ ಎಂಬ ಆಗಿನ್ನೂ ಹೆಸರಾಗದ ಜರ್ಮನ್ ಕೋಚ್‌ನ ಕೈಯಲ್ಲಿ ಗೆದ್ದು, ಅದೇ ಬೇಸಿಗೆಯಲ್ಲಿ ಪರವಾನಗಿ ಕಳೆದುಕೊಂಡು ದಿವಾಳಿಯಾಯಿತು. ದೂರದ ಹೂಡಿಕೆದಾರರು ಯಾರೂ ಇರಲಿಲ್ಲ; ಶಕ್ತಿಮೀರಿ ಸಂಬಳ ಕೊಟ್ಟವರು ಊರಿನವರೇ. ಪರವೂರಿನ ಹಣವೆಲ್ಲ ಕೆಟ್ಟದ್ದು, ಊರಿನ ಹಣವೆಲ್ಲ ಒಳ್ಳೆಯದು ಎಂಬ ಸರಳ ತೀರ್ಪಿಗೆ ಬರದಂತೆ ಇದು ತಡೆಯುತ್ತದೆ. ಇಟಲಿಯ ಆಲ್ಪ್ಸ್‌ನಲ್ಲಿ, ಜರ್ಮನ್ ಮತ್ತು ಇಟಾಲಿಯನ್ ಎರಡೂ ಭಾಷೆಯಾಡುವ ಬೊಲ್ಜಾನೊ ಸೀಮೆಯ ಎಫ್‌ಸಿ ಸುಡ್‌ಟಿರೋಲ್ ನಿಧಾನದ ದಾರಿ ಹಿಡಿಯಿತು. 1995ರಲ್ಲಿ ಹುಟ್ಟಿ, ಇಪ್ಪತ್ತೇಳು ವರ್ಷ ಕೆಳಗಿನ ದರ್ಜೆಗಳಲ್ಲಿ ಬೆಳೆದು, 2021–22ರ ಋತುವಿನ ಮೂವತ್ತೆಂಟು ಪಂದ್ಯಗಳಲ್ಲಿ ಬರೀ ಒಂಬತ್ತು ಗೋಲು ಬಿಟ್ಟುಕೊಟ್ಟು, ಮೊದಲ ಬಾರಿಗೆ ಇಟಲಿಯ ಎರಡನೇ ದರ್ಜೆಯಾದ ಸೆರಿ ಬಿ ಸೇರಿತು.

ತೂನ್‌ನ ಕಥೆ ಈ ಎಲ್ಲದರ ನಡುವೆ ನಿಲ್ಲುತ್ತದೆ. ಅದು ಎವಿಯಾನ್‌ನಂತೆ ಸಿರಿವಂತನ ನೆರವಿನಲ್ಲಿ ಹಾರಲಿಲ್ಲ, ಒಸ್ಟೆಂಡ್‌ನಂತೆ ಕೂಟದ ಜೊತೆ ಮುಳುಗಲೂ ಇಲ್ಲ. ಬಿದ್ದಾಗ ಎತ್ತಿಕೊಳ್ಳಲು ಒಂದು ಊರಿತ್ತು, ಮರ್ಯಾದೆಯಿಂದ ಆಡಲು ಆ ಊರಿನಲ್ಲೇ ಒಂದು ಅಂಗಣವಿತ್ತು, 2005ನ್ನು ಮರೆಯದ ಒಂದಿಬ್ಬರು ಮುಖ್ಯ ಜಾಗದಲ್ಲಿದ್ದರು. ಮೂರರಲ್ಲಿ ಒಂದು ಇಲ್ಲದಿದ್ದರೂ ಕಥೆ ಬೇರೆಯಾಗುತ್ತಿತ್ತು. ಲುಗಾನೊ ತರಹ ತಾಳ್ಮೆಯ ಪರದೇಶಿ ಮಾಲೀಕರೂ ಇದ್ದಾರೆ, ಅವರನ್ನು ಒಸ್ಟೆಂಡ್‌ನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ತಾಳ್ಮೆ ಮಾಲೀಕನ ಗುಣವಾಗಿರುವವರೆಗೆ ಅದು ಮಾಲೀಕನ ಜೊತೆಗೇ ಹೋಗಿಬಿಡುತ್ತದೆ. ಸ್ವಿಸ್ ಲೀಗ್ 2023ರಿಂದ ಅಗ್ರ ದರ್ಜೆಯನ್ನು ಹತ್ತರಿಂದ ಹನ್ನೆರಡು ತಂಡಗಳಿಗೆ ಹಿಗ್ಗಿಸಿರುವುದರಿಂದ ತೂನ್‌ನಂಥ ಊರುಗಳಿಗೆ ಉಸಿರಾಡಲು ತುಸು ಜಾಗ ಸಿಕ್ಕಿದೆ. ಇನ್ನು ಕಠಿಣ ಪರೀಕ್ಷೆ ಸೋಲಿನಲ್ಲಿಲ್ಲ, ಗೆಲುವಿನಲ್ಲಿದೆ: ಮೇಲೇರಿದ ತಂಡದ ಆಟಗಾರರನ್ನೂ ಕೋಚ್‌ನನ್ನೂ ದೊಡ್ಡ ಕ್ಲಬ್ಬುಗಳು ಕೇಳಿಕೊಂಡು ಬರುತ್ತವೆ, ಯುರೋಪಿನ ಹಣ ಮತ್ತೆ ಒಮ್ಮೆಲೇ ಬರಬಹುದು. 2006ರಲ್ಲಿ ಇದೇ ತಿರುವಿನಲ್ಲಿ ಕ್ಲಬ್ ಎಡವಿತ್ತು.

2025ರ ಜುಲೈ 2ರಂದು ಮಹಿಳೆಯರ ಯುರೋಪಿಯನ್ ಚಾಂಪಿಯನ್‌ಷಿಪ್ ಸ್ವಿಟ್ಜರ್‌ಲೆಂಡಿನಲ್ಲಿ ಆರಂಭವಾಯಿತು. ಮೊದಲ ಪಂದ್ಯ ಐಸ್‌ಲೆಂಡ್ ಮತ್ತು ಫಿನ್‌ಲೆಂಡ್ ನಡುವೆ. ನಡೆದದ್ದು ಸ್ಟಾಕ್‌ಹಾರ್ನ್ ಅರೀನಾದಲ್ಲಿ. ಇಪ್ಪತ್ತು ವರ್ಷದ ಹಿಂದೆ ತಮ್ಮ ತಂಡದ ಪಂದ್ಯ ನೋಡಲು ತೂನ್‌ನವರು ಹತ್ತಿದ್ದ ಅದೇ ಹಳಿಯ ಮೇಲೆ, ಆ ಮಧ್ಯಾಹ್ನ ಬೆರ್ನ್ ಕಡೆಯಿಂದ ಬಂದ ಪ್ರೇಕ್ಷಕರು ತೂನ್ ನಿಲ್ದಾಣದಲ್ಲಿ ಇಳಿದರು.